ಮೌನಪ್ಪ ಒರೆಸಿದ ಗಾಲಿ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ. ನಾನು ನಮ್ಮಜ್ಜನನ್ನು ಕೇಳಿದ್ದೆ. ಅವನು "ನಾ ಹುಟ್ಟೂಕಿಂತ ಮೊದಲ" ಅಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡ, ಅಲ್ಲಿಗೆ ಲೆಕ್ಕ ಮುಗಿಯಿತು. ಆ ಕಾಲದಲ್ಲಿ ಗುಡ್ಡದ ನೆತ್ತಿಯ ಮೇಲೆ ಒಂದು ಊರಿತ್ತಂತೆ. ನೆತ್ತಿಗುಡ್ಡ ಅಂತಲೇ ಅದರ ಹೆಸರು. ಊರಿನಿಂದ ಕೆಳಗಿನ ಪೇಟೆಗೆ ಇದ್ದದ್ದು ಒಂದೇ ದಾರಿ, ಅದೂ ಬರೀ ಇಳುಕಲು. ಏಳು ತಿರುವು. ಏಳನೆಯ ತಿರುವು ಮುಗಿಯುವಲ್ಲಿ ಹಳ್ಳ, ಹಳ್ಳದ ಮೇಲೆ ಒಂದು ಸಣ್ಣ ಕಲ್ಲಿನ ಸೇತುವೆ. "ಹತ್ತುವಾಗ ಉಸಿರು ಹೋಗತೈತಿ, ಇಳಿಯುವಾಗ ಜೀವ ಹೋಗತೈತಿ" ಅಂತ ಊರಿನವರು ತಮ್ಮ ದಾರಿಯನ್ನು ತಾವೇ ಆಡಿಕೊಂಡು ನಗುತ್ತಿದ್ದರಂತೆ.

ಅಂಥ ಊರಿಗೆ ಸೈಕಲ್ಲು ಬಂತು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಮನೆಗೊಂದು. ಪೇಟೆಯ ಹತ್ತಿ ಜಿನ್ನಿಗೆ ಕೆಲಸಕ್ಕೆ ಹೋಗುವವರು, ಬೆಣ್ಣೆ ಮಾರುವವರು, ಹೂವು ಮಾರುವವರು ಎಲ್ಲರೂ ಸೈಕಲ್ಲು ಹತ್ತಿದರು. ಸೈಕಲ್ಲು ಬಂದ ಮೇಲೆ ಬೀಳುವುದೂ ಬಂತು. ಒಬ್ಬ ಮೊಣಕಾಲು ಒಡೆದುಕೊಂಡ, ಒಬ್ಬ ಮುಂದಿನ ಎರಡು ಹಲ್ಲು ಮೂರನೆಯ ತಿರುವಿನಲ್ಲಿ ಬಿಟ್ಟು ಬಂದ, ಒಬ್ಬ ಬೆಣ್ಣೆಯ ಗಡಿಗೆಯ ಸಮೇತ ಹಳ್ಳಕ್ಕೆ ಹೋಗಿ ಮೈಯೆಲ್ಲ ಬೆಣ್ಣೆ ಮಾಡಿಕೊಂಡು ಮನೆಗೆ ಬಂದ. ಆಗ ಊರನ್ನು ಕಾಯಲು ನಿಂತವನು ಮೌನಪ್ಪ ಅಂತಾರೆ.

ಮೌನಪ್ಪ ಕಮ್ಮಾರರವನು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕುಲುಮೆಯ ಮುಂದೆ ಕೂತು ನೇಗಿಲಿನ ಕುಡ, ಕುಡಗೋಲು ಬಡಿದವರು. ಇವನು ಕುಲುಮೆಯ ಬೆಂಕಿ ಆರಿಸಿ, ಊರ ಬಾಗಿಲಾದ ಅಗಸಿಯ ಹತ್ತಿರ ಬೇವಿನ ಮರದ ಕೆಳಗೆ ನಟ್ಟು ಬಿಗಿಯುವ ಪಾನಾ, ಇಕ್ಕಳ, ಸುತ್ತಿಗೆ ಹರವಿಕೊಂಡು ಸೈಕಲ್ಲು ರಿಪೇರಿಗೆ ಕೂತ. "ಕುಲಕಸುಬು ಬಿಟ್ಟು ಗಾಳಿ ಹೊಡಿಯಾಕ ಕುಂತಾನ" ಅಂತ ಅವನ ಕುಲದ ಹಿರಿಯರು ಮೂಗು ಮುರಿದರು. ಮೌನಪ್ಪ ಮುಂದಿನ ಸೈಕಲ್ಲಿಗೆ ಕೈ ಹಾಕಿದ. ಆದರೆ ಆ ಮಾತು ಅವನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದಿತ್ತು. ಇದನ್ನು ನೆನಪಿಡಿ, ಮುಂದೆ ಇದೇ ಅವನ ಕೊರಳಿಗೆ ಬಂತು.

ಅವನ ಕೈಗುಣ ಎಂಥದ್ದು ಅಂತೀರಿ! ಆಗಿನ ಸೈಕಲ್ಲಿಗೆ ತಂತಿಯ ಬ್ರೇಕಲ್ಲ, ಕಡ್ಡಿಯ ಬ್ರೇಕು. ಹ್ಯಾಂಡಲಿನ ಕೆಳಗಿನ ಹಿಡಿ ಒತ್ತಿದರೆ ಕಡ್ಡಿ ಎಳೆಯುತ್ತದೆ, ಕಡ್ಡಿ ಎಳೆದರೆ ಎರಡು ರಬ್ಬರು ಬಂದು ಗಾಲಿಯ ರಿಮ್ಮನ್ನು ಕಚ್ಚಿ ಹಿಡಿಯುತ್ತವೆ. ಸೈಕಲ್ಲು ಇನ್ನೂ ಮೂರನೆಯ ತಿರುವಿನಲ್ಲಿ ಇರುವಾಗಲೇ ಮೌನಪ್ಪ ಬೇವಿನ ಮರದ ಕೆಳಗೆ ಕಿವಿ ನಿಮಿರಿಸಿ, "ಗೌಡರ ಸೈಕಲ್ಲು ಬಂತು, ಎಡಗಡೆ ರಬ್ಬರು ಸವದೈತಿ" ಅನ್ನುತ್ತಿದ್ದನಂತೆ. ಬಂದು ನೋಡಿದರೆ ಗೌಡರದೇ ಸೈಕಲ್ಲು, ಎಡಗಡೆಯದೇ ರಬ್ಬರು. ಒಮ್ಮೆ ಬ್ರೇಕು ಹೋದ ಸೈಕಲ್ಲೊಂದು ಇಳುಕಲಿನಲ್ಲಿ ಓಡುತ್ತಿರುವಾಗ, ಮೌನಪ್ಪ ಅದರ ಪಕ್ಕದಲ್ಲೇ ಓಡುತ್ತ ನಟ್ಟು ಬಿಗಿದು ನಿಲ್ಲಿಸಿದ ಅಂತಾರೆ. ನಂಬುವವರು ನಂಬಿ. ನಾನು ಅರ್ಧ ನಂಬುತ್ತೇನೆ, ಓಡಿದ್ದನ್ನು.

ಬ್ರೇಕು ಹಿಡಿಯುತ್ತಿಲ್ಲ ಅಂತ ಯಾರಾದರೂ ಬಂದರೆ ಅವನು ಒಮ್ಮೆಲೇ ಪಾನಾ ಎತ್ತುತ್ತಿರಲಿಲ್ಲ. ಮೊದಲು ಹಿಡಿ ಒತ್ತಿ ನೋಡುತ್ತಿದ್ದ. ಹಿಡಿ ಹೋಗಿ ಹ್ಯಾಂಡಲಿಗೆ ತಾಗಿದರೆ ಕಡ್ಡಿ ಸಡಿಲ. ಒಂದೇ ಕಡೆ ಕಚ್ಚಿದರೆ ಗಾಲಿ ನಟ್ಟನಡುವೆ ಕೂತಿಲ್ಲ. ಕಿರ್ರೆಂದು ಕೂಗಿದರೆ ರಬ್ಬರು ಒಣಗಿ ಕಲ್ಲಾಗಿದೆ, ಅದನ್ನು ಬಂಡೆಗೆ ತಿಕ್ಕಿ ಮೇಲಿನ ಸಿಪ್ಪೆ ತೆಗೆಯಬೇಕು. ಒತ್ತಿದ ಹಿಡಿ ಮರಳಿ ಬರದಿದ್ದರೆ ಸ್ಪ್ರಿಂಗು ಸೋತಿದೆ. ಇಷ್ಟು ನೋಡಿ, ಬೇಕಾದ್ದನ್ನು ಬಿಗಿದು, ಬೇಡವಾದ್ದನ್ನು ಸಡಿಲಿಸಿ, ಆಮೇಲೆ ತಾನೇ ಹತ್ತಿ ಮೊದಲನೆಯ ತಿರುವಿನ ತನಕ ಇಳಿದು ಮರಳಿ ಬಂದ ಮೇಲೆಯೇ ಸೈಕಲ್ಲು ಒಡೆಯನ ಕೈಗೆ. "ಬ್ರೇಕು ಅಂದ್ರ ನಿಂದರಸೂದಲ್ಲೋ, ಮನಿ ಮುಟ್ಟಸೂದು" ಅಂತ ಅವನ ಮಾತು. ಅವನು ಕೂತ ಮೇಲೆ ಆ ಇಳುಕಲಿನಲ್ಲಿ ಬಿದ್ದವರಿಲ್ಲ ಅಂತಾರೆ. ಊರಿನಲ್ಲಿ ಯಾವುದಾದರೂ ಮಾತು ಖಾತ್ರಿ ಅನ್ನಬೇಕಾದರೆ "ಮೌನಪ್ಪ ಬಿಗಿದ ನಟ್ಟು" ಅನ್ನುತ್ತಿದ್ದರಂತೆ. ಮದುವೆಯ ಮಾತುಕತೆಯಲ್ಲೂ ಅದೇ ಮಾತು.

ಆದರೆ ಎಂಥ ಜಾಣನಿಗೂ ಒಂದು ಕುರುಡು ಇರುತ್ತದೆ ನೋಡಿ. ಪ್ರತಿ ವರ್ಷ ಮಾರ್ನಮಿ ಹಬ್ಬ ಮುಗಿದ ಮರುದಿನ ಬೇವಿನ ಮರದ ಕೆಳಗೆ ಸೈಕಲ್ಲುಗಳ ಸಾಲು ನಿಲ್ಲುತ್ತಿತ್ತು. ಎಲ್ಲರದೂ ಒಂದೇ ದೂರು, ಬ್ರೇಕು ಜಾರುತ್ತದೆ. ಮೌನಪ್ಪ ಹಿಡಿ ಒತ್ತಿ ನೋಡುತ್ತಿದ್ದ, ಕಡ್ಡಿ ನೆಟ್ಟಗಿದೆ. ರಬ್ಬರು ನೋಡುತ್ತಿದ್ದ, ದಪ್ಪಗಿದೆ. ಮತ್ತೆ ಯಾಕೆ ಜಾರುತ್ತದೆ? ತಿಳಿಯದೆ, ಇರಲಿ ಅಂತ ನಟ್ಟು ಇನ್ನೊಂದು ಸುತ್ತು ಬಿಗಿಯುತ್ತಿದ್ದ. ಎರಡು ದಿನದಲ್ಲಿ ಬ್ರೇಕು ತಾನಾಗಿ ಸರಿಹೋಗುತ್ತಿತ್ತು. ಜನ "ಏನ್ ಕೈಗುಣಪಾ!" ಅನ್ನುತ್ತಿದ್ದರು. ಮೌನಪ್ಪನೂ ಹೌದೇನೋ ಅಂದುಕೊಳ್ಳುತ್ತಿದ್ದ. ಯಾಕೆ ಪ್ರತಿ ಮಾರ್ನಮಿಗೂ ಹೀಗೆ ಅಂತ ಅವನು ಒಮ್ಮೆಯಾದರೂ ಕೂತು ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವನಿಗೊಬ್ಬ ಗೆಳೆಯನಿದ್ದ, ಹೂಗಾರ ಶಿವಪುತ್ರ. ಒಂದೇ ಓಣಿ, ಒಂದೇ ವಾರಿಗೆ. ಒಬ್ಬ ಕಬ್ಬಿಣದವನು, ಒಬ್ಬ ಹೂವಿನವನು, ಹೇಗೆ ಕೂಡಿತೋ ಅಂತ ಜನ ಚೇಷ್ಟೆ ಮಾಡುತ್ತಿದ್ದರು. ಶಿವಪುತ್ರನ ಮನೆಯಲ್ಲಿ ತಾಯಿ ಬಸಲಿಂಗವ್ವ, ಹೆಂಡತಿ ನೀಲವ್ವ, ತಮ್ಮ ಒಬ್ಬ. ನೀಲವ್ವ ಬಂದು ಮೂರು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಬಸಲಿಂಗವ್ವನ ನಾಲಗೆಯೋ, ಅದಕ್ಕೆ ಯಾವ ಬ್ರೇಕೂ ಇರಲಿಲ್ಲ. ಹಾಲು ಉಕ್ಕಿದರೂ ನೀಲವ್ವ, ಹಸು ಒದ್ದರೂ ನೀಲವ್ವ. ಶಿವಪುತ್ರ ಮಾತ್ರ ದಿನಾ ಮೊದಲನೆಯ ಮಾಲೆಯಿಂದ ಒಂದು ಎಳೆ ಹರಿದು ಅವಳಿಗೆ ಕೊಟ್ಟೇ ಪೇಟೆಗೆ ಇಳಿಯುತ್ತಿದ್ದನಂತೆ.

ಆ ವರ್ಷದ ಮಾರ್ನಮಿಯ ಖಂಡೇಪೂಜೆ ಬಂತು. ನಿಮಗೆ ಗೊತ್ತಲ್ಲ, ಅವತ್ತು ಎಲ್ಲ ಹತಾರಗಳೂ ದೇವರು. ನೇಗಿಲು, ಕುಡಗೋಲು, ತಕ್ಕಡಿ, ಸೈಕಲ್ಲು, ಎಲ್ಲಕ್ಕೂ ಎಣ್ಣೆ ಹಚ್ಚಿ, ವಿಭೂತಿ ಕುಂಕುಮ ಇಟ್ಟು, ಹೂವು ಏರಿಸಿ ಕೂರಿಸುತ್ತಾರೆ. ಕೂತ ಹತಾರವನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಎತ್ತುವಂತಿಲ್ಲ. ಹಾಗಾಗಿ ಅವತ್ತು ನೆತ್ತಿಗುಡ್ಡದಲ್ಲಿ ಒಂದು ಸೈಕಲ್ಲೂ ಇಳುಕಲು ಇಳಿಯುತ್ತಿರಲಿಲ್ಲ. ಆ ವರ್ಷ ಮಾತ್ರ ಹೂಗಾರನದೊಂದು ಇಳಿಯಬೇಕಾಯಿತು. ಲೋಕಕ್ಕೆಲ್ಲ ಪೂಜೆ ಇರುವ ದಿನ ಹೂಗಾರನಿಗೆ ಎಲ್ಲಿಯ ಬಿಡುವು? ಹಿಂದಿನ ವರ್ಷಗಳಲ್ಲಿ ಅವನು ಎತ್ತಿನ ಗಾಡಿಯಲ್ಲಿ ಹೂವು ಇಳಿಸುತ್ತಿದ್ದ. ಆ ವರ್ಷವೇ ಅವನ ಮನೆಗೆ ಸೈಕಲ್ಲು ಬಂದಿತ್ತು. ನೀಲವ್ವ ಬೆಳಗ್ಗೆ ಎದ್ದು, ತಲೆಗೆ ಸ್ನಾನ ಮಾಡಿ, ಹೊಸ ಸೈಕಲ್ಲಿಗೆ ತನ್ನ ಕೈಯಾರೆ ಕುಸುಬಿ ಎಣ್ಣೆ ಹಚ್ಚಿದಳು. ಸೀಟಿನಿಂದ ಹಿಡಿದು ಗಾಲಿಯ ರಿಮ್ಮಿನ ತನಕ ಒಂದು ಬೆರಳಿನ ಜಾಗ ಬಿಡದೆ ಹಚ್ಚಿದಳು. ಬಿಸಿಲಿಗೆ ಮಿರಿಮಿರಿ ಮಿಂಚಬೇಕು, ಗಂಡ ಪೇಟೆಯಲ್ಲಿ ನಾಲ್ಕು ಮಂದಿಯ ಮುಂದೆ ಎದ್ದು ಕಾಣಬೇಕು ಅಂತ ಅವಳ ಆಸೆ. ಅದರಲ್ಲಿ ತಪ್ಪೇನಿದೆ ಹೇಳಿ.

ಅದೇ ಬೆಳಗ್ಗೆ ಮೌನಪ್ಪನ ಮನೆಯಲ್ಲಿ ದೊಡ್ಡ ಸಂಭ್ರಮ. ಮೂಗು ಮುರಿದ ಕುಲದ ಹಿರಿಯರು ಆ ವರ್ಷ ಅವನ ಮನೆಯ ಪೂಜೆಗೆ ಬರುತ್ತೇವೆ ಅಂದಿದ್ದರು. ಗಾಳಿ ಹೊಡೆಯುವವನ ಮನೆಯಲ್ಲೂ ನೇಮ ನಿಷ್ಠೆ ಇದೆ ಅಂತ ಅವರಿಗೆ ತೋರಿಸಬೇಕು ಅಂತ ಮೌನಪ್ಪ ಹದಿನೈದು ದಿನದಿಂದ ನಿದ್ದೆ ಬಿಟ್ಟಿದ್ದ. ಹತಾರಗಳನ್ನೆಲ್ಲ ಬೆಳ್ಳಿಯ ಹಾಗೆ ತಿಕ್ಕಿ, ಮಣೆಯ ಮೇಲೆ ಸಾಲಾಗಿ ಕೂರಿಸಿ, ಮಡಿ ಧೋತರ ಉಟ್ಟು ಬಾಗಿಲಲ್ಲಿ ನಿಂತಿದ್ದ. ಹಿರಿಯರು ಓಣಿಯ ತುದಿಯಲ್ಲಿ ಕಾಣಿಸಿದರು. ಅಷ್ಟರಲ್ಲಿ ಶಿವಪುತ್ರ ಬಂದ. ಹಿಂದಿನ ಕ್ಯಾರಿಯರಿಗೆ ಚೆಂಡುಹೂವಿನ ಎರಡು ದೊಡ್ಡ ಬುಟ್ಟಿ. ಪೂಜೆಗೆ ಅಂತ ಒಂದು ಮೊರದ ತುಂಬ ಹೂವು ಇಳಿಸಿಕೊಟ್ಟು, ಬ್ರೇಕಿನ ಹಿಡಿ ಒತ್ತಿ ತೋರಿಸಿದ.

"ದೋಸ್ತ, ನಿನ್ನಿತನಾ ಚಲೋ ಇತ್ತು, ಇವತ್ತ ಯಾಕೋ ಹಿಡೀವಲ್ದು. ಒಂಚೂರು ನೋಡಲಾ."

ಮೌನಪ್ಪ ಸೈಕಲ್ಲಿನ ಕಡೆ ನೋಡಲಿಲ್ಲ. ಓಣಿಯ ಕಡೆ ನೋಡಿದ. ಹಿರಿಯರು ಹತ್ತಿರ ಬರುತ್ತಿದ್ದರು.

"ಇವತ್ತ ಪಾನಾ ಎತ್ತಂಗಿಲ್ಲ ಅನ್ನೂದು ನಿನಗ ಗೊತ್ತಿಲ್ಲೇನಪಾ? ನಾಳಿ ಬಾ, ಬನ್ನಿ ಮುಡಿದ ಮ್ಯಾಲ ನೋಡ್ತೀನಿ. ಇವತ್ತ ಸೈಕಲ್ ಹಿಡಕೊಂಡು ನಡಕೋತ ಇಳಿ."

"ನಡಕೋತ ಹ್ವಾದ್ರ ಹೂವು ಬಾಡತಾವಲ್ಲೋ."

"ಹೂವು ಬಾಡಲಿ, ನೀ ಬಾಡಬ್ಯಾಡ" ಅಂದ ಮೌನಪ್ಪ. ಇಬ್ಬರೂ ನಕ್ಕರು. ಶಿವಪುತ್ರ ಆಯಿತು ಅಂತ ತಲೆಯಾಡಿಸಿ, ಸೈಕಲ್ಲು ತಳ್ಳಿಕೊಂಡು ಹೋದ.

ಮಾತಿಗೆ ತಪ್ಪಿದವನಲ್ಲ ಶಿವಪುತ್ರ. ಒಂದು ತಿರುವು ನಡೆದ, ಎರಡು ತಿರುವು ನಡೆದ, ಮೂರು ತಿರುವು ನಡೆದ. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ನೋಡಿದ್ದಳಂತೆ. ಬಿಸಿಲು ಏರುತ್ತಿತ್ತು. ಪೇಟೆಯಲ್ಲಿ ಅಂಗಡಿ ಅಂಗಡಿಯವರೂ ಹೂವಿಗೆ ಕಾಯುತ್ತಿರುತ್ತಾರೆ, ಹೂವಿಲ್ಲದೆ ಯಾವ ಹತಾರವೂ ದೇವರಾಗುವುದಿಲ್ಲ. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಒಣಗಿ ಗರಿಗರಿಯಾಯಿತು. ನಾಲ್ಕನೆಯ ತಿರುವಿನಲ್ಲಿ ಅವನು ಸೈಕಲ್ಲು ಹತ್ತಿದ. ಐದನೆಯದನ್ನು ದಾಟಿದ, ಆರನೆಯದನ್ನು ದಾಟಿದ. ಏಳನೆಯದರಲ್ಲಿ ಬ್ರೇಕು ಒತ್ತಿದ, ಗಾಲಿ ನಿಲ್ಲಲಿಲ್ಲ. ಸೇತುವೆಯ ಕಲ್ಲಿಗೆ ಬಡಿದು ಹಳ್ಳಕ್ಕೆ ಬಿದ್ದ. ಹಳ್ಳದಲ್ಲಿ ನೀರಿರಲಿಲ್ಲ, ಬರೀ ಬಂಡೆ.

ಸುದ್ದಿ ಮೇಲೆ ಬಂದಾಗ ಮೌನಪ್ಪನ ಕೈಯಲ್ಲಿ ಮಂಗಳಾರತಿ ಇತ್ತಂತೆ. ತಟ್ಟೆ ಕೆಳಗಿಡದೆ, ಯಾರ ಕೈಗೋ ತುರುಕಿ, ಮಡಿ ಧೋತರದಲ್ಲೇ ಏಳು ತಿರುವು ಓಡಿದ. ಹೋಗುವಷ್ಟರಲ್ಲಿ ಗೆಳೆಯನ ಉಸಿರು ನಿಂತಿತ್ತು. ಹಳ್ಳದ ತುಂಬ ಚೆಂಡುಹೂವು ಚೆಲ್ಲಿತ್ತು. ಜನ ಹೆಣದ ಸುತ್ತ ಸೇರಿದ್ದರು, ಸೈಕಲ್ಲನ್ನು ಯಾರೂ ನೋಡಿರಲಿಲ್ಲ. ಅದು ಸೇತುವೆಯ ಮೇಲೆ ಅಡ್ಡ ಬಿದ್ದಿತ್ತು. ಮೌನಪ್ಪ ಅದರ ಮುಂದೆ ಕೂತ. ಕೈ ತನ್ನಷ್ಟಕ್ಕೆ ತಾನು ಕೆಲಸಕ್ಕೆ ಹೋಯಿತು. ಹಿಡಿ ಒತ್ತಿದ, ಕಡ್ಡಿ ಎಳೆಯಿತು. ನಟ್ಟು ನೋಡಿದ, ಬಿಗಿ. ರಬ್ಬರು ನೋಡಿದ, ಎಂಟು ದಿನದ ಹಿಂದೆ ತಾನೇ ಹಾಕಿದ ಹೊಸದು, ರಿಮ್ಮಿಗೆ ಸರಿಯಾಗಿ ಕೂತಿದೆ. ಹಿಡಿ ಒತ್ತಿ ಹಿಡಿದುಕೊಂಡೇ ಗಾಲಿ ತಿರುಗಿಸಿದ. ಗಾಲಿ ಸುಮ್ಮನೆ ಜಾರಿ ತಿರುಗಿತು. ಆಗ ರಿಮ್ಮಿನ ಮೇಲೆ ಬೆರಳಿಟ್ಟ.

ಎಣ್ಣೆ. ಕುಸುಬಿ ಎಣ್ಣೆ, ಅದರಲ್ಲಿ ಕಲಸಿದ ಕುಂಕುಮ.

ಮೌನಪ್ಪನಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಪ್ರತಿ ಮಾರ್ನಮಿಯ ಮರುದಿನ ಬರುತ್ತಿದ್ದ ಆ ಸೈಕಲ್ಲುಗಳ ಸಾಲು ಕಣ್ಣ ಮುಂದೆ ಬಂತು. ಅಷ್ಟು ವರ್ಷ ಅವನು ಸರಿಯಾಗಿದ್ದ ನಟ್ಟನ್ನೇ ಬಿಗಿದಿದ್ದ. ಎಣ್ಣೆ ತಾನಾಗಿ ಸವೆದು ಹೋಗುತ್ತಿತ್ತು, ಹೆಸರು ಅವನಿಗೆ ಬರುತ್ತಿತ್ತು. ಪೂಜೆಯ ಎಣ್ಣೆಯಲ್ಲಿ ದೋಷ ಇರಬಹುದು ಅಂತ ಅವನಿಗೆ ಹೊಳೆದೇ ಇರಲಿಲ್ಲ. ಅದೂ ಹೋಗಲಿ. ಅವತ್ತು ಬೆಳಗ್ಗೆ ಗೆಳೆಯ ಬಾಗಿಲಿಗೆ ಬಂದಾಗ ಒಂದು ಬೆರಳು ಇಟ್ಟು ನೋಡಿದ್ದರೆ ಸಾಕಿತ್ತು. ಪಾನಾ ಬೇಕಾಗಿರಲಿಲ್ಲ. ಇಕ್ಕಳ ಬೇಕಾಗಿರಲಿಲ್ಲ. ಒಲೆಯ ಒಂದು ಹಿಡಿ ಬೂದಿ, ಒಂದು ಹರಕು ಅರಿವೆ. ಯಾವ ನೇಮವೂ ಕೆಡುತ್ತಿರಲಿಲ್ಲ. ನೇಮಕ್ಕೆ ಹೆದರಿ ಅಲ್ಲ, ಹಿರಿಯರು ನೋಡಿ ನಕ್ಕಾರು ಅಂತ ಹೆದರಿ ಗೆಳೆಯನನ್ನು ಕಳಿಸಿದೆ ಅನ್ನುವುದು ಅವನೊಬ್ಬನಿಗೆ ಗೊತ್ತಿತ್ತು.

ಅಷ್ಟರಲ್ಲಿ ಮೇಲಿನಿಂದ ಅಳುವ ದನಿ ಬಂತು. ಬಸಲಿಂಗವ್ವ ಎದೆ ಬಡಿದುಕೊಳ್ಳುತ್ತ ಇಳಿದು ಬರುತ್ತಿದ್ದಳು, ಹಿಂದೆ ನೀಲವ್ವ. ಬಸಲಿಂಗವ್ವ ಮಗನ ಮೇಲೆ ಬಿದ್ದು ಅತ್ತಳು, ಆಮೇಲೆ ತಲೆ ಎತ್ತಿ ಕೂಗಿದಳು. "ನಿನ್ನಿತನಾ ಸೈಕಲ್ಲು ಚಲೋ ಇತ್ತು! ಏನಾತು ಅದಕ್ಕ? ಯಾರ ಕೈ ಹತ್ತಿತು ಅದಕ್ಕ?"

ಮೌನಪ್ಪ ನೀಲವ್ವನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಇನ್ನೂ ಕುಂಕುಮ ಇತ್ತು. ಆ ಹುಡುಗಿಗೆ ಏನೂ ತಿಳಿದಿರಲಿಲ್ಲ. ಈಗ ಎಣ್ಣೆಯ ಮಾತು ಎತ್ತಿದರೆ ಅವಳು ಇವತ್ತಿನಿಂದ ಸಾಯುವ ತನಕ ಗಂಡನನ್ನು ತಿಂದವಳು. ಬಸಲಿಂಗವ್ವ ಅವಳನ್ನು ಮನೆಯಲ್ಲಿ ಇರಗೊಡುವುದಿಲ್ಲ, ತವರಿನವರು ಒಳಗೆ ಕರೆಯುವುದಿಲ್ಲ. ಮೌನಪ್ಪ ಜನಕ್ಕೆ ಬೆನ್ನು ಮಾಡಿ ಕೂತ. ಮಡಿ ಧೋತರದ ಅಂಚಿನಿಂದ ರಿಮ್ಮು ಸುತ್ತಲೂ ಒರೆಸಿದ. ದಾರಿಯ ಮಣ್ಣು ತೆಗೆದು ತಿಕ್ಕಿದ. ನಟ್ಟನ್ನು ಬೆರಳಿನಿಂದಲೇ ತಿರುಗಿಸಿ ಸಡಿಲ ಮಾಡಿದ ಅಂತಾರೆ. ಅವನ ಬೆರಳಲ್ಲಿ ಅಂಥ ಬಲ ಇತ್ತು, ಅಥವಾ ಆ ಹೊತ್ತಿಗೆ ಬಂತು. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ.

"ನಟ್ಟು ಸಡಲ ಐತಿ. ಎಂಟ ದಿನದ ಹಿಂದ ನಾನ ಬಿಗಿದಿದ್ದೆ, ಪೂರಾ ಬಿಗೀಲಿಲ್ಲ. ತಪ್ಪು ನಂದು."

ಅಲ್ಲಿಗೆ ಮೌನಪ್ಪನ ಹೆಸರು ಮುಗಿಯಿತು. ಬಸಲಿಂಗವ್ವ ಅವನ ಮುಖಕ್ಕೆ ಮಣ್ಣು ತೂರಿದಳು, ಅವನು ಕಣ್ಣು ಒರೆಸಿಕೊಳ್ಳಲಿಲ್ಲ. ಊರಿನವರು ಸೈಕಲ್ಲು ಕೆಟ್ಟರೆ ತಳ್ಳಿಕೊಂಡಾದರೂ ಪೇಟೆಗೆ ಒಯ್ದರು, ಅವನ ಹತ್ತಿರ ತರಲಿಲ್ಲ. ಖಾತ್ರಿ ಇಲ್ಲದ ಮಾತಿಗೆ, ಮುರಿದು ಬೀಳುವ ಸಂಬಂಧಕ್ಕೆ "ಮೌನಪ್ಪ ಬಿಗಿದ ನಟ್ಟು" ಅನ್ನತೊಡಗಿದರು. ಅದೇ ಗಾದೆ, ಅರ್ಥ ಮಾತ್ರ ತಿರುಗಿತ್ತು. ಅವನು ಮತ್ತೆ ಕುಲುಮೆ ಹೊತ್ತಿಸಿ ಕುಡಗೋಲು ಬಡಿದು ಹೊಟ್ಟೆ ಹೊರೆದುಕೊಂಡ. ಆ ಶಿಕ್ಷೆಯೂ ಸಾಲದು ಅಂತ ಅವನಿಗೆ ಅನ್ನಿಸುತ್ತಿತ್ತಂತೆ.

ಮರು ವರ್ಷ ಮಾರ್ನಮಿ ಹತ್ತಿರ ಬಂತು. ಮೌನಪ್ಪ ದಿನ ಎಣಿಸತೊಡಗಿದ. ಜನ ಮತ್ತೆ ಗಾಲಿಗೆ ಎಣ್ಣೆ ಹಚ್ಚುತ್ತಾರೆ. ಹೂವಿನ ಬುಟ್ಟಿ ಈಗ ಶಿವಪುತ್ರನ ತಮ್ಮ ಇಳಿಸುತ್ತಾನೆ, ಅದೇ ದಿನ, ಅದೇ ದಾರಿಯಲ್ಲಿ. ಬೇಡ ಅಂತ ಹೇಳಬೇಕು. ಹೇಳಿದರೆ, ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಿದ ಕ್ಷಣ ಬಸಲಿಂಗವ್ವ ಹೋದ ವರ್ಷದ ಎಣ್ಣೆಯ ಬಟ್ಟಲನ್ನು ನೆನೆಸಿಕೊಳ್ಳುತ್ತಾಳೆ. ಹೇಳುವಂತಿಲ್ಲ, ಸುಮ್ಮನಿರುವಂತಿಲ್ಲ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹಾಗಾಯಿತು ಅವನ ಬಾಳು.

ಖಂಡೇಪೂಜೆಯ ದಿನ ಬೆಳಕು ಹರಿಯುವ ಹೊತ್ತಿಗೆ ಮೌನಪ್ಪ ಇಳುಕಲಿನ ತಲೆಗೆ ಬಂದು ಒಂದು ಕಲ್ಲಿನ ಮೇಲೆ ಕೂತ. ಪಕ್ಕದಲ್ಲಿ ಬೂದಿಯ ಬುಟ್ಟಿ, ಕೈಯಲ್ಲಿ ಅರಿವೆ. ಬಗಲಲ್ಲಿ ಒಂದು ಪಾನಾ, ಅದಕ್ಕೆ ಅವನು ಪೂಜೆಯನ್ನೇ ಮಾಡಿರಲಿಲ್ಲ. ಸೈಕಲ್ಲು ಬಂದರೆ ಎದ್ದು ಅಡ್ಡ ನಿಲ್ಲುತ್ತಿದ್ದ. ಒಂದು ಮಾತೂ ಆಡದೆ ಎರಡೂ ಗಾಲಿಗೆ ಬೂದಿ ಹಚ್ಚಿ ಒರೆಸಿ, ಹಿಡಿ ಒತ್ತಿ ನೋಡಿ, ಬಿಡುತ್ತಿದ್ದ. ಅವತ್ತೂ, ಮರುದಿನವೂ, ಅದರ ಮರುದಿನವೂ. ಬೈದವರು ಬೈದರು, ನಕ್ಕವರು ನಕ್ಕರು. ತಪ್ಪು ಮಾಡಿದ ಕೊರಗಿಗೆ ತಲೆ ಕೆಟ್ಟಿದೆ ಅಂತ ಮಾತಾಡಿಕೊಂಡರು. ಖಂಡೇಪೂಜೆಯ ದಿನ ಹತಾರ ಹಿಡಿದು ಕೂತ ಅಂತ ಕುಲದ ಹಿರಿಯರು ಅವನನ್ನು ಊಟದ ಪಂಕ್ತಿಯಿಂದ ಹೊರಗಿಟ್ಟರು. ಯಾರ ನಗುವಿಗೆ ಹೆದರಿ ಗೆಳೆಯನನ್ನು ಕಳೆದುಕೊಂಡನೋ ಅವರ ಮುಂದೆಯೇ ಊಟದ ಎಲೆ ಇಲ್ಲದೆ ನಿಂತ.

ಆ ಮೊದಲ ದಿನವೇ ಶಿವಪುತ್ರನ ತಮ್ಮ ಸೈಕಲ್ಲು ತಳ್ಳಿಕೊಂಡು ಬಂದ. ಬುಟ್ಟಿ ಎತ್ತಿ ಕಟ್ಟಲು ನೀಲವ್ವ ಜೊತೆಗೆ ಬಂದಿದ್ದಳು. ಆ ಸೈಕಲ್ಲಿಗೂ ಅತ್ತೆ ಹೇಳಿದ ಹಾಗೆ ಎಣ್ಣೆ ಹಚ್ಚಿದ್ದು ಅವಳೇ. ಮೌನಪ್ಪ ಮುಂದಿನ ಗಾಲಿ ಎತ್ತಿ, ಬ್ರೇಕು ಹಿಡಿದು ತಿರುಗಿಸಿದ. ಗಾಲಿ ಜಾರಿತು. ಬೂದಿ ಹಚ್ಚಿ ಒರೆಸಿದ. ಅರಿವೆ ಕೆಂಪಗೆ ಕಪ್ಪಗೆ ಎಣ್ಣೆಯಾಗಿ ಬಂತು. ಮತ್ತೆ ಬ್ರೇಕು ಹಿಡಿದು ತಿರುಗಿಸಿದ. ಗಾಲಿ ಗಕ್ಕನೆ ನಿಂತಿತು. ನೀಲವ್ವ ಗಾಲಿ ನೋಡಿದಳು, ಅರಿವೆ ನೋಡಿದಳು, ತನ್ನ ಕೈ ನೋಡಿಕೊಂಡಳು. ಅದನ್ನು ಸೆರಗಿಗೆ ಒರೆಸಿಕೊಂಡಳು.

"ಅಣ್ಣಾ, ಏನದು?" ಅಂದಳು.

"ಏನಿಲ್ಲ ತಂಗಿ, ಧೂಳು" ಅಂದ ಮೌನಪ್ಪ.

ಆಮೇಲೆ ಎಷ್ಟು ವರ್ಷ ಹೋದವೋ. ಬರಬರುತ್ತ, ಬೇರೆ ಹತಾರ ಎತ್ತದಿದ್ದರೂ, ಪೂಜೆ ಮಾಡಿದ ಸೈಕಲ್ಲನ್ನು ಅದೇ ದಿನ ಹತ್ತಿ ಇಳಿಯುವುದು ಊರಿನಲ್ಲಿ ರೂಢಿಯಾಯಿತು. ಪ್ರತಿ ಖಂಡೇಪೂಜೆಗೂ ಬೆಳಗ್ಗೆ ಮೌನಪ್ಪ ಬರುವಷ್ಟರಲ್ಲಿ ಆ ಕಲ್ಲಿನ ಮೇಲೆ ಒಂದು ಬುಟ್ಟಿ ಬೂದಿ ಇರುತ್ತಿತ್ತಂತೆ, ಸಣ್ಣಗೆ ಸೋಸಿದ ಬೂದಿ. ಯಾರು ಇಟ್ಟರು ಅಂತ ಅವನು ಕೇಳಲಿಲ್ಲ. ಒಮ್ಮೆ ಮಾತ್ರ ನೀಲವ್ವ ನಿಂತು, "ಅಣ್ಣಾ, ಆವತ್ತಿನ ದಿನ ನಾ…" ಅಂತ ಬಾಯಿ ತೆರೆದಳು. ಅವನು "ಬೂದಿ ಚಲೋ ಸೋಸಿ ತಂದೀಯವಾ, ಹರಳ ಇಲ್ಲ" ಅಂದು ಮುಖ ತಿರುಗಿಸಿದ. ಅವಳಿಗೂ ಧೈರ್ಯ ಸಾಲಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ, ಅತ್ತೆ ಕಣ್ಣು ಮುಚ್ಚಿದ ಮೇಲೆ ಹೇಳುತ್ತೇನೆ ಅಂತ ದಿನ ತಳ್ಳಿದಳು. ಅವಳನ್ನು ಬೈಯಬೇಡಿ. ಅವಳ ಜಾಗದಲ್ಲಿ ನಿಂತವರಿಗೆ ಗೊತ್ತು ಆ ಮಾತಿನ ಭಾರ.

ಬಸಲಿಂಗವ್ವ ಒಂದು ಬೇಸಿಗೆಯಲ್ಲಿ ಹೋದಳು. ಈ ಮಾರ್ನಮಿಗೆ ಊರ ಮುಂದೆ ಹೇಳಿಯೇ ಬಿಡುತ್ತೇನೆ ಅಂತ ನೀಲವ್ವ ಗಟ್ಟಿ ಮನಸ್ಸು ಮಾಡಿದಳು. ಮಾರ್ನಮಿಗೆ ಇನ್ನು ಹನ್ನೊಂದು ದಿನ ಇದೆ ಅನ್ನುವಾಗ ಮೌನಪ್ಪ ಕುಲುಮೆಯ ಮುಂದೆ ಕೂತಲ್ಲೇ ತೀರಿಕೊಂಡ. ಅವನನ್ನು ಮಣ್ಣು ಮಾಡಲು ಬಂದವರು ಒಂದು ಕೈಯ ಬೆರಳಿನಷ್ಟು ಮಂದಿ ಅಂತಾರೆ. ನೀಲವ್ವ ಅವನ ಮನೆಯ ಗೋಡೆಗೆ ತಲೆ ಕೊಟ್ಟು ಅತ್ತಳು. ಯಾಕೆ ಇಷ್ಟು ಅಳುತ್ತಾಳೆ ಅಂತ ಜನಕ್ಕೆ ತಿಳಿಯಲಿಲ್ಲ.

ಖಂಡೇಪೂಜೆಯ ಬೆಳಗ್ಗೆ ಸೈಕಲ್ಲಿನವರು ಇಳುಕಲಿನ ತಲೆಗೆ ಬಂದರೆ, ಮೌನಪ್ಪನ ಕಲ್ಲಿನ ಮುಂದೆ ನೀಲವ್ವ ಅಡ್ಡ ನಿಂತಿದ್ದಳು. ಯಾರನ್ನೂ ಇಳಿಯಗೊಡಲಿಲ್ಲ. ಒಬ್ಬೊಬ್ಬರಾಗಿ ಊರೇ ಸೇರಿತು. ಆಗ ಅವಳು ಹೇಳಿದಳು.

"ನನ್ನ ಗಂಡನ ಸೈಕಲ್ಲಿನ ನಟ್ಟು ಬಿಗಿ ಇತ್ತು. ಮೌನಪ್ಪಣ್ಣ ಬಿಗಿದ ನಟ್ಟು ಯಾವತ್ತೂ ಸಡಲ ಆಗಿರಲಿಲ್ಲ. ಗಾಲಿಗೆ ಎಣ್ಣಿ ಹಚ್ಚಿದಾಕಿ ನಾನು. ಅಂವ ನನ್ನ ಉಳಿಸಾಕ ಸುಳ್ಳು ಹೇಳಿದ. ನಾನು ಸುಮ್ನ ಕುಂತೆ."

ಯಾರೂ ನಂಬಲಿಲ್ಲ. ಊರಿನ ಹಿರಿಯನೊಬ್ಬ ತನ್ನ ಸೈಕಲ್ಲಿನ ಹಿಡಿ ಒತ್ತಿ ಗಾಲಿ ತಿರುಗಿಸಿದ. ಬೆಳಗ್ಗೆ ಅವನ ಸೊಸೆ ಎಣ್ಣೆ ಹಚ್ಚಿದ್ದ ಗಾಲಿ, ಜಾರಿತು. ನೀಲವ್ವ ಬೂದಿ ಹಚ್ಚಿ ಒರೆಸಿಕೊಟ್ಟಳು. ಮತ್ತೆ ಒತ್ತಿದ, ನಿಂತಿತು. ಆ ಹಿರಿಯ ಅರಿವೆ ಇಸಿದುಕೊಂಡು ಇನ್ನೊಂದು ಗಾಲಿಯನ್ನು ತಾನೇ ಒರೆಸಿದ. ಅಷ್ಟು ವರ್ಷ ತಾವು ಹುಚ್ಚ ಅಂದು ನಕ್ಕಿದ್ದ ಮೌನಪ್ಪನ ಕೈಯಿಂದ ತಮ್ಮ ತಮ್ಮ ಮಕ್ಕಳು ಮನೆ ಮುಟ್ಟಿದ್ದರು ಅಂತ ಒಬ್ಬೊಬ್ಬರಿಗೂ ತಿಳಿಯುತ್ತ ಬಂತು. ನೀಲವ್ವನಿಗೆ ಒಬ್ಬರೂ ಒಂದು ಮಾತು ಅನ್ನಲಿಲ್ಲ. ಅನ್ನಲು ಬಾಯಿ ಯಾರಿಗಿತ್ತು?

ಊರಿಗೆ ಊರೇ ಮೌನಪ್ಪನ ಮನೆಗೆ ಹೋಯಿತು. ಪಂಕ್ತಿಯಿಂದ ಹೊರಗಿಟ್ಟ ಹಿರಿಯರಲ್ಲಿ ಉಳಿದವರೂ ಬಂದರು. ವರ್ಷಗಟ್ಟಲೆ ಪೂಜೆ ಕಾಣದ ಅವನ ಪಾನಾ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ಇಳಿಸಿ, ತೊಳೆದು, ಮಣೆಯ ಮೇಲೆ ಇಟ್ಟು, ಕುಂಕುಮದ ಬಟ್ಟಲು ತಂದರು. ಈಗಲಾದರೂ ಮಾಡೋಣ ಅಂದರು. ನೀಲವ್ವ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ. ಇದೂ ಪೂಜಿಗೆ ಕುಂತರ, ಇವತ್ತ ಯಾರರ ನಿಮ್ಮ ಬಾಗಿಲಿಗೆ ಬಂದ್ರ ಏನ್ ಎತ್ತತೀರಿ?"

ಕುಂಕುಮದ ಬಟ್ಟಲು ಹಾಗೇ ಮರಳಿ ಹೋಯಿತು.

ಈಗ ನೆತ್ತಿಗುಡ್ಡಕ್ಕೆ ಡಾಂಬರಿನ ದಾರಿ ಆಗಿದೆ, ಮೋಟಾರು ಸೈಕಲ್ಲು ಬಂದಿವೆ. ಆದರೂ ಖಂಡೇಪೂಜೆಯ ದಿನ ಆ ಊರಿನಲ್ಲಿ ಗಾಲಿಗೆ ಎಣ್ಣೆ ಹಚ್ಚುವುದಿಲ್ಲ, ಬೂದಿಯಿಂದ ಒರೆಸುತ್ತಾರೆ. ಕಮ್ಮಾರರಿರಲಿ, ಬಡಿಗರಿರಲಿ, ಹೂಗಾರರಿರಲಿ, ಎಲ್ಲ ಹತಾರಗಳನ್ನೂ ಪೂಜೆಗೆ ಕೂರಿಸಿ ಒಂದನ್ನು ಮಾತ್ರ ಹೊರಗೆ, ಹೊಸ್ತಿಲ ಹತ್ತಿರ ಇಡುತ್ತಾರೆ. ಅದಕ್ಕೆ ಕುಂಕುಮ ಇಲ್ಲ, ಹೂವಿಲ್ಲ. ಅದು ಮೌನಪ್ಪನ ಪಾಲು ಅಂತಾರೆ. ಅವತ್ತು ಯಾರು ಬಂದು "ಒಂಚೂರು ನೋಡಪಾ" ಅಂದರೂ, ಆ ಊರಿನಲ್ಲಿ "ನಾಳಿ ಬಾ" ಅನ್ನುವವರಿಲ್ಲ.